ಕುರ್ಚಿ, ಟೇಪು, ಮೊಬೈಲು: ಹಿರಿಯರ ಕಾಲಿನ ಪವರ್ ಮನೆಯಲ್ಲೇ ಅಳೆಯುವ ಬಗೆ

ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರದ ಒಂದು ಮನೆ. ಅಂಗಳ ತುಂಬ ಅಡಕೆ ಒಣಗಲು ಹರಡಿತ್ತು. ಫಿಸಿಯೋಥೆರಪಿಯ ಚೀಲದಿಂದ ನಾನು ಟೇಪು ತೆಗೆಯುವುದನ್ನು ನೋಡಿ, ಜಗಲಿಯಲ್ಲಿ ಕೂತಿದ್ದ ಎಪ್ಪತ್ತೆಂಟರ ಅಜ್ಜ ನಕ್ಕರು. "ನಲವತ್ತು ವರ್ಷ ತೋಟಕ್ಕೆ ಗೊಬ್ಬರದ ಬುಟ್ಟಿ ಹೊತ್ತ ಕಾಲು ಇದು. ಇದನ್ನೆಂತ ಅಳೆಯುವುದು ಮಾರಾಯ್ರೇ?"

ಮಾತು ಸುಳ್ಳಲ್ಲ. ಕಾಲು ಚಾಚಿ ಬಿಗಿ ಹಿಡಿದರೆ ಅದನ್ನು ಬಗ್ಗಿಸಲು ನನ್ನ ಎರಡು ಕೈ ಸಾಲಲಿಲ್ಲ. ಆದರೆ ಹಿಂದಿನ ತಿಂಗಳು ಅದೇ ಅಂಗಳದಲ್ಲಿ ಉರುಟು ಅಡಕೆಯೊಂದರ ಮೇಲೆ ಕಾಲಿಟ್ಟು ಜಾರಿದಾಗ, ಇನ್ನೊಂದು ಕಾಲು ಹೊತ್ತಿಗೆ ಮುಂದೆ ಬರಲಿಲ್ಲ. ಬಿದ್ದರು. ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ. ಕುರ್ಚಿಯಿಂದ ಐದು ಸಲ ಎದ್ದು ಕೂತು ತೋರಿಸಿ ಎಂದರೆ 17 ಸೆಕೆಂಡು ತೆಗೆದುಕೊಂಡರು.

ಬಲ ಇತ್ತು, ಚುರುಕು ಇರಲಿಲ್ಲ. ಈ ಎರಡೂ ಸೇರಿದ್ದನ್ನೇ ಪವರ್ ಎನ್ನುವುದು. ಎಷ್ಟು ಬಲ ಹಾಕುತ್ತೀರಿ ಎಂಬುದನ್ನು ಎಷ್ಟು ವೇಗವಾಗಿ ಹಾಕುತ್ತೀರಿ ಎಂಬುದರಿಂದ ಗುಣಿಸಿದರೆ ಬರುವ ಲೆಕ್ಕ ಅದು, ಅಳತೆ ವ್ಯಾಟ್‌ನಲ್ಲಿ. ವಯಸ್ಸಾದಂತೆ ಸ್ನಾಯುವಿನಲ್ಲಿ ಮೊದಲು ಸೊರಗುವುದು ವೇಗದ ಎಳೆಗಳು. ಅವುಗಳಿಗೆ ಆಜ್ಞೆ ಕೊಡುವ ನರಕೋಶಗಳೂ ಕಡಿಮೆಯಾಗುತ್ತವೆ. ಹಾಗಾಗಿ ಬಲಕ್ಕಿಂತ ಮೊದಲು, ಬಲಕ್ಕಿಂತ ಬೇಗ ಪವರ್ ಇಳಿಯುತ್ತದೆ. ಎಡವಿದಾಗ ಹೆಜ್ಜೆ ಹಾಕಿ ಸಾವರಿಸಿಕೊಳ್ಳಲು, ಬಸ್ಸು ಹತ್ತಲು ಬೇಕಾದದ್ದು ಅದೇ. "ಅಪ್ಪ ಗಟ್ಟಿ ಇದ್ದಾರೆ, ಸ್ವಲ್ಪ ನಿಧಾನ ಅಷ್ಟೆ" ಎನ್ನುವ ಮಕ್ಕಳಿಗೆ ನಾನು ಹೇಳುವುದು ಇಷ್ಟೇ: ಆ ನಿಧಾನವನ್ನೇ ಅಳೆಯಿರಿ.

2011ರ ಜನಗಣತಿಯಲ್ಲೇ ಕೇರಳದ ಜನಸಂಖ್ಯೆಯಲ್ಲಿ 60 ದಾಟಿದವರು ಶೇ. 12.6 ಇದ್ದರು, ದೇಶದ ಸರಾಸರಿ ಶೇ. 8.6. ಬದಿಯಡ್ಕ, ಮುಳ್ಳೇರಿಯ ಕಡೆಯ ತೋಟದ ಮನೆಗಳಲ್ಲಿ ಇದಕ್ಕೆ ಅಂಕಿ ಬೇಕಾಗಿಲ್ಲ. ಮಗ ಬೆಂಗಳೂರಲ್ಲೋ ದುಬೈಯಲ್ಲೋ ಇರುತ್ತಾನೆ, ಮನೆಯಲ್ಲಿ ಇಬ್ಬರು ಹಿರಿಯರು ಮತ್ತು ಒಂದು ನಾಯಿ. ರಜೆಗೆ ಬಂದ ಮಕ್ಕಳು ಅರ್ಧ ಗಂಟೆಯಲ್ಲಿ ಮಾಡಬಹುದಾದ ಕೆಲಸ ಇದು.

ಮೊದಲು: ಯಾರನ್ನು ಅಳೆಯಬಾರದು

ಎದೆನೋವು ಬರುತ್ತಿರುವವರು, ಇತ್ತೀಚೆಗೆ ಹೃದಯಾಘಾತ ಆದವರು, ಸೊಂಟ ಅಥವಾ ಮಂಡಿಯ ಶಸ್ತ್ರಚಿಕಿತ್ಸೆ ಆಗಿ ವೈದ್ಯರು ಇನ್ನೂ ಅನುಮತಿ ಕೊಡದವರು, ಮಂಡಿ ಕೆಂಪಾಗಿ ಊದಿಕೊಂಡವರು, ಒಂದು ಕಾಲು ದಿಢೀರನೆ ಸೋತವರು ಬೇಡ. ಕೊನೆಯವರನ್ನು ಅಳೆಯುವುದಲ್ಲ, ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು. ಕೂತಾಗಲೇ ಬಿ.ಪಿ. 180/110 ದಾಟಿದ್ದರೂ ಆ ದಿನ ಬೇಡ.

ಮನೆಯಲ್ಲಿ ಬಿ.ಪಿ. ಯಂತ್ರ ಇದ್ದರೆ ಇನ್ನೊಂದು ಕೆಲಸ ಮಾಡಿ. ಐದು ನಿಮಿಷ ಮಲಗಿಸಿ ಒಮ್ಮೆ ನೋಡಿ, ಎದ್ದು ನಿಂತ ಮೂರು ನಿಮಿಷದೊಳಗೆ ಮತ್ತೆ ನೋಡಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ, ಎದ್ದಾಗ ತಲೆ ತಿರುಗುವುದಕ್ಕೆ ಕಾರಣ ಅಲ್ಲೇ ಸಿಕ್ಕಿತು. ಕುರ್ಚಿ ಪರೀಕ್ಷೆ ವೈದ್ಯರನ್ನು ಕಂಡ ಮೇಲೆ. ಬೆಳಗ್ಗಿನ ತಿಂಡಿ ಆಗಿ ಒಂದೆರಡು ಗಂಟೆ ಕಳೆದ ಹೊತ್ತು ಒಳ್ಳೆಯದು. ಹೊಟ್ಟೆ ತುಂಬ ಗಂಜಿ ಊಟ ಮಾಡಿ ನಿದ್ದೆ ಎಳೆಯುವ ಮಧ್ಯಾಹ್ನ ಬೇಡ.

ಕುರ್ಚಿ ಆರಿಸುವುದು

ಅರ್ಧ ತಪ್ಪುಗಳು ನಡೆಯುವುದು ಇಲ್ಲೇ, ಹಾಗಾಗಿ ಸ್ವಲ್ಪ ಉದ್ದವಾಗಿ ಹೇಳುತ್ತೇನೆ.

ಬೇಕಾದದ್ದು ಕೈ ಇಲ್ಲದ, ಬೆನ್ನು ಇರುವ, ಗಟ್ಟಿ ಮರದ ಕುರ್ಚಿ. ಸೀಟಿನ ಎತ್ತರ 43ರಿಂದ 45 ಸೆಂ.ಮೀ. ಮದುವೆಮನೆಯ ಪ್ಲಾಸ್ಟಿಕ್ ಕುರ್ಚಿ ಕೈಗೆ ಬೇಗ ಸಿಗುತ್ತದೆ, ಆದರೆ ಅದರ ಸೀಟು ಹಿಂದಕ್ಕೆ ಇಳಿಜಾರು, ಕೂತಾಗ ಬಾಗುತ್ತದೆ, ನಯವಾದ ನೆಲದಲ್ಲಿ ಸರಿಯುತ್ತದೆ. ಕೆಲಸ ಶುರು ಮಾಡಿದ ವರ್ಷ ರೆಡ್ ಆಕ್ಸೈಡ್ ನೆಲದ ಒಂದು ಮನೆಯಲ್ಲಿ ಹೀಗೇ ನಾಲ್ಕನೇ ಸಲ ಕೂರುವಾಗ ಕುರ್ಚಿ ಹಿಂದಕ್ಕೆ ಓಡಿತು. ಅಜ್ಜಿಯ ರಟ್ಟೆ ನನ್ನ ಕೈಗೆ ಸಿಕ್ಕಿದ್ದರಿಂದ ಬಚಾವು. ತಪ್ಪು ನನ್ನದೇ, ಕುರ್ಚಿಯನ್ನು ಗೋಡೆಗೆ ಒತ್ತಿ ಇಟ್ಟಿರಲಿಲ್ಲ. ಮರದ ಕುರ್ಚಿಯಾದರೂ ಗೋಡೆಗೆ ತಾಗಿಸಿಯೇ ಇಡಿ. ಮಳೆಗಾಲದಲ್ಲಿ ನೆಲ ಬೆವರುತ್ತದೆ, ಬಟ್ಟೆಯಲ್ಲಿ ಒರೆಸಿ. ಕಾಲ್ಚೀಲ ಬೇಡ, ಹವಾಯಿ ಚಪ್ಪಲಿಯೂ ಬೇಡ. ಬರಿಗಾಲು ಸಾಕು. ಪಂಚೆ, ಸೀರೆ ಹೆಬ್ಬೆರಳಿಗೆ ಸಿಕ್ಕುವಂತಿದ್ದರೆ ಎತ್ತಿ ಕಟ್ಟಿಸಿ.

ಮೂರು ಅಳತೆ

ಒಂದು, ನೆಲದಿಂದ ಸೀಟಿನ ಎತ್ತರ. ಮೆತ್ತೆ ಇದ್ದರೆ ತೆಗೆದು ಅಳೆಯಿರಿ. ಎರಡು, ವ್ಯಕ್ತಿಯ ಎತ್ತರ: ಗೋಡೆಗೆ ಹಿಮ್ಮಡಿ ತಾಗಿಸಿ ನಿಲ್ಲಿಸಿ, ತಲೆಯ ಮೇಲೆ ದಪ್ಪ ಪುಸ್ತಕ ಇಟ್ಟು ಪೆನ್ಸಿಲಿನಲ್ಲಿ ಗುರುತು ಹಾಕಿ. ಮೂರು, ತೂಕ. ತೂಕದ ಯಂತ್ರ ಇಲ್ಲದಿದ್ದರೂ ನಡೆಯುತ್ತದೆ. ಹೇಗೆಂದು ಲೆಕ್ಕದ ಜಾಗದಲ್ಲಿ ಹೇಳುತ್ತೇನೆ.

ಬೆನ್ನು ಬಾಗಿದವರ ಎತ್ತರದಲ್ಲಿ ಒಂದು ಮೋಸ ಇದೆ. ಬೆನ್ನು ಬಾಗಿ ಎರಡು ಸೆಂ.ಮೀ. ಕಡಿಮೆಯಾದರೆ ಕಾಲೇನೂ ಗಿಡ್ಡ ಆಗಿರುವುದಿಲ್ಲ, ಆದರೆ ಲೆಕ್ಕದಲ್ಲಿ ಪವರ್ ಕಡಿಮೆ ಬರುತ್ತದೆ. ಅದಕ್ಕೆ ಮೊದಲ ಸಲ ಬರೆದ ಎತ್ತರವನ್ನೇ ಮುಂದಿನ ವರ್ಷಗಳಲ್ಲೂ ಬಳಸಿ.

ಹೇಳುವ ಮಾತು

ಈ ಪರೀಕ್ಷೆಯ ಜೀವ "ನಿಮ್ಮಿಂದ ಆಗುವಷ್ಟು ಬೇಗ" ಎಂಬ ಮಾತಿನಲ್ಲಿದೆ. "ಐದು ಸಲ ಎದ್ದು ಕೂತು ತೋರಿಸಿ" ಎಂದಷ್ಟೇ ಹೇಳಿದರೆ ಹಿರಿಯರು ಅವರ ಪಾಡಿಗೆ ನಿಧಾನ ಏಳುತ್ತಾರೆ; ಆಗ ನೀವು ಅಳೆಯುವುದು ಅವರ ಪವರ್ ಅಲ್ಲ, ಅವರ ತಾಳ್ಮೆ. ನಮ್ಮ ಕಡೆ ಇನ್ನೊಂದು ತೊಡಕು. ಹೊರಗಿನಿಂದ ಬಂದವರು ಮಲೆಯಾಳದಲ್ಲಿ "ಪೆಟ್ಟೆನ್ನ್" ಎಂದರೆ, ಮನೆಯಲ್ಲಿ ತುಳುವೋ ಹವ್ಯಕವೋ ಮರಾಠಿಯೋ ಆಡುವ ಅಜ್ಜಿ ಮರ್ಯಾದೆಗೆ ತಲೆ ಆಡಿಸಿ ಅವರಿಗೆ ತೋಚಿದಂತೆ ಮಾಡುತ್ತಾರೆ. ಮನೆಮಾತಿನಲ್ಲೇ ಹೇಳಿ. ತುಳುವಿನವರಿಗೆ "ಬೇಗ ಲಕ್ಕ್‌ಲೆ" ಎಂದರೆ ಸಾಕು. ಅದಕ್ಕಿಂತಲೂ ಮೊದಲು ನೀವೇ ಎರಡು ಸಲ ಸರಸರನೆ ಎದ್ದು ಕೂತು ತೋರಿಸಿ.

ಐದು ಸಲದ ಪರೀಕ್ಷೆ

ಕುರ್ಚಿಯ ನಡುವೆ ಕೂರಿಸಿ. ಪಾದ ಭುಜದಷ್ಟು ಅಗಲದಲ್ಲಿ, ಮಂಡಿಗಿಂತ ಸ್ವಲ್ಪ ಹಿಂದೆ, ಪೂರ್ತಿ ನೆಲಕ್ಕೆ ಊರಿರಲಿ. ಎರಡೂ ಕೈ ಎದೆಯ ಮೇಲೆ ಅಡ್ಡ ಕಟ್ಟಿಸಿ. ನೀವು ಪಕ್ಕದಲ್ಲಿ, ಸೋತ ಕಾಲು ಇದ್ದರೆ ಆ ಬದಿಯಲ್ಲಿ ನಿಲ್ಲಿ. ಎದುರಿನಲ್ಲಿ ನಿಂತರೆ ಅವರಿಗೆ ಮುಂದಕ್ಕೆ ಬಾಗಲು ಜಾಗ ಇಲ್ಲ.

ಮೊದಲು ಒಂದೇ ಒಂದು ಸಲ ಕೈ ಊರದೆ ಏಳಲು ಹೇಳಿ. ಅದು ಆಗದಿದ್ದರೆ ಐದರ ಮಾತಿಲ್ಲ. ಅಲ್ಲಿಗೇ ನಿಲ್ಲಿಸಿ "ಕೈ ಬೇಕು" ಎಂದು ಬರೆಯಿರಿ. ಎದ್ದರೆ, ಒಂದು ನಿಮಿಷ ದಣಿವಾರಿಸಿಕೊಂಡು ಶುರು.

"ಹಾಂ" ಎಂದ ಕ್ಷಣ ಮೊಬೈಲಿನ ಸ್ಟಾಪ್‌ವಾಚ್ ಒತ್ತಿ. ಪ್ರತಿ ಸಲ ಪೂರ್ತಿ ನೆಟ್ಟಗೆ ನಿಲ್ಲಬೇಕು, ಪ್ರತಿ ಸಲ ಕುಂಡೆ ಸೀಟಿಗೆ ತಾಗಬೇಕು. ಗಟ್ಟಿಯಾಗಿ ಎಣಿಸಿ. ಐದನೇ ಸಲ ನೆಟ್ಟಗೆ ನಿಂತ ಕ್ಷಣಕ್ಕೆ ವಾಚ್ ನಿಲ್ಲಿಸಿ. ಐದನೇ ಸಲ ಕೂತ ಮೇಲೆ ನಿಲ್ಲಿಸುವ ಪದ್ಧತಿಯೂ ಇದೆ, ಎರಡನ್ನೂ ಬೆರೆಸಬೇಡಿ. ಒಂದು ನಿಮಿಷ ದಾಟಿದರೆ, ಕೈ ಊರಿದರೆ, ಉಸಿರು ಕಟ್ಟಿದರೆ, ಮುಖ ಬಿಳಿಚಿದರೆ ಅಲ್ಲಿಗೇ ಸಾಕು. ಎರಡು ನಿಮಿಷ ಬಿಟ್ಟು ಇನ್ನೊಂದು ಸಲ ಮಾಡಿಸಿ, ಎರಡರಲ್ಲಿ ಚುರುಕಾದದ್ದನ್ನು ಇಟ್ಟುಕೊಳ್ಳಿ. ಏಳುವಾಗ ಉಸಿರು ಬಿಗಿಹಿಡಿಯುವವರು ಬಹಳ. ಅವರಿಗೂ ಎಣಿಸಲು ಹೇಳಿ, ಉಸಿರು ತಾನೇ ಹೊರಬರುತ್ತದೆ.

ಕಳ್ಳಾಟ ಮೂರು ಬಗೆ. ಕೈ ಬಿಚ್ಚಿ ಮಂಡಿಗೆ ಊರುವುದು, ಅರ್ಧಕ್ಕೇ ಎದ್ದು ಕೂತುಬಿಡುವುದು, ಸೀಟಿಗೆ ತಾಗಿಯೂ ತಾಗದಂತೆ ಬಗ್ಗಿ ಏಳುವುದು. ಇದರಲ್ಲಿ ಗಂಡಸರೇ ಮುಂದು, ಅದರಲ್ಲೂ ಹೆಂಡತಿ ಒಳಬಾಗಿಲಿಂದ ನೋಡುತ್ತಿದ್ದರೆ. ಪಕ್ಕದಿಂದ ಮೊಬೈಲಿನಲ್ಲಿ ವಿಡಿಯೋ ಮಾಡಿಟ್ಟರೆ ಆಮೇಲೆ ಜಗಳ ಇಲ್ಲ.

ಸೆಕೆಂಡಿನಿಂದ ವ್ಯಾಟಿಗೆ

2018ರಲ್ಲಿ ಸ್ಪೇನಿನ ಜೂಲಿಯನ್ ಅಲ್ಕಾಸರ್ ಮತ್ತು ಸಂಗಡಿಗರು ಈ ಪರೀಕ್ಷೆಯಿಂದಲೇ ಪವರ್ ಲೆಕ್ಕ ಹಾಕುವ ಸೂತ್ರ ಕೊಟ್ಟರು:

ಪವರ್ = ತೂಕ × 0.9 × 9.81 × (ಎತ್ತರದ ಅರ್ಧ − ಸೀಟಿನ ಎತ್ತರ) ÷ (ಒಟ್ಟು ಸೆಕೆಂಡು ÷ 5 × 0.5)

ತೂಕ ಕಿಲೋದಲ್ಲಿ, ಎತ್ತರಗಳು ಮೀಟರಿನಲ್ಲಿ. ಪ್ರತಿ ಅಂಕಿಗೂ ಕಾರಣ ಇದೆ. ಏಳುವಾಗ ಮಂಡಿಯ ಕೆಳಗಿನ ಭಾಗ ಮೇಲೇರುವುದಿಲ್ಲ, ಅದನ್ನು ಬಿಟ್ಟರೆ ದೇಹದ ತೂಕದ ಸುಮಾರು ಶೇ. 90 ಉಳಿಯುತ್ತದೆ; ಅದೇ 0.9. 9.81 ಭೂಮಿಯ ಸೆಳೆತ. ಕಾಲಿನ ಉದ್ದ ಎತ್ತರದ ಸುಮಾರು ಅರ್ಧ ಎಂದು ಹಿಡಿದು, ಅದರಿಂದ ಸೀಟಿನ ಎತ್ತರ ಕಳೆದರೆ ದೇಹ ಎಷ್ಟು ಮೇಲೇರಿತು ಎಂಬುದು ಸಿಗುತ್ತದೆ. ಒಂದು ಏಳು-ಕೂರಿನಲ್ಲಿ ಅರ್ಧ ಹೊತ್ತು ಏಳುವುದಕ್ಕೆ ಎಂಬುದು ಕೊನೆಯ 0.5.

ಒಂದು ಉದಾಹರಣೆ. ಎಪ್ಪತ್ತೆರಡರ ಅತ್ತೆ, 52 ಕಿಲೋ, 1.50 ಮೀಟರ್, ಸೀಟು 0.43 ಮೀಟರ್, ಐದು ಸಲಕ್ಕೆ 14 ಸೆಕೆಂಡು. ದೇಹ ಏರಿದ್ದು 0.75 − 0.43 = 0.32 ಮೀಟರ್. ಎತ್ತಿದ ಬಲ 52 × 0.9 × 9.81, ಸುಮಾರು 459 ನ್ಯೂಟನ್. ಒಂದು ಸಲ ಏಳಲು ತೆಗೆದುಕೊಂಡದ್ದು 1.4 ಸೆಕೆಂಡು. 459 × 0.32 ÷ 1.4 = 105 ವ್ಯಾಟ್. ತೂಕದಿಂದ ಭಾಗಿಸಿದರೆ ಕಿಲೋಗೆ 2.02 ವ್ಯಾಟ್.

ಒಬ್ಬರನ್ನು ಇನ್ನೊಬ್ಬರ ಜೊತೆ ಹೋಲಿಸಲು ಬೇಕಾದದ್ದು ಈ ಕಿಲೋ ಲೆಕ್ಕ. ಅದರಲ್ಲಿ ತೂಕ ಮೇಲೂ ಕೆಳಗೂ ಬಂದು ಹೊಡೆದುಹೋಗುತ್ತದೆ! ಹಾಗಾಗಿ ತೂಕದ ಯಂತ್ರ ಇಲ್ಲದ ಮನೆಗೆ ಈ ಅಡ್ಡದಾರಿ:

ಕಿಲೋಗೆ ವ್ಯಾಟ್ = 88.3 × (ಎತ್ತರದ ಅರ್ಧ − ಸೀಟಿನ ಎತ್ತರ) ÷ ಒಟ್ಟು ಸೆಕೆಂಡು

88.3 × 0.32 ÷ 14 ಮಾಡಿ ನೋಡಿ, ಅದೇ 2.02.

ಸೀಟಿನ ಎತ್ತರದ ಬಗ್ಗೆ ನಾನು ಅಷ್ಟು ಗಲಾಟೆ ಮಾಡಿದ್ದಕ್ಕೆ ಕಾರಣ ಈಗ ತಿಳಿಯುತ್ತದೆ. ನಮ್ಮ ಅಜ್ಜಿಯಂದಿರಲ್ಲಿ 1.42 ಮೀಟರಿನವರು ಬೇಕಾದಷ್ಟು ಜನ. ಅವರಿಗೆ 43 ಸೆಂ.ಮೀ. ಕುರ್ಚಿಯಲ್ಲಿ ಏರುವ ದೂರ 28 ಸೆಂ.ಮೀ. ಮಾತ್ರ. ಟೇಪು ಹಿಡಿಯುವುದರಲ್ಲಿ ಎರಡು ಸೆಂ.ಮೀ. ತಪ್ಪಿದರೆ ಉತ್ತರ ಶೇ. 7 ಅತ್ತಿತ್ತ ಆಗುತ್ತದೆ. ಗಿಡ್ಡ ಇರುವವರಿಗೆ ವ್ಯಾಟಿನ ಅಂಕಿ ಕಡಿಮೆ ಬಂದರೆ ತಕ್ಷಣ ಗಾಬರಿಯಾಗಬೇಡಿ, ಸೆಕೆಂಡನ್ನೂ ಜೊತೆಗಿಟ್ಟು ನೋಡಿ.

ಅಂಕಿ ಓದುವುದು

ಬರಿಯ ಸೆಕೆಂಡಿಗೆ ಎರಡು ಗೆರೆಗಳಿವೆ. ಏಷ್ಯಾದವರಿಗೆಂದು 2019ರಲ್ಲಿ ಮಾಡಿದ ಸಾರ್ಕೊಪೀನಿಯಾ ಒಪ್ಪಂದದಲ್ಲಿ, ಅಂದರೆ ಸ್ನಾಯುಕ್ಷಯದ ಮಾರ್ಗಸೂಚಿಯಲ್ಲಿ, ಐದು ಸಲಕ್ಕೆ 12 ಸೆಕೆಂಡು ಅಥವಾ ಹೆಚ್ಚು ಬೇಕಾದರೆ ಓಡಾಟದ ಸಾಮರ್ಥ್ಯ ಕುಗ್ಗಿದೆ ಎಂದು ಲೆಕ್ಕ. ಯುರೋಪಿನವರ ಗೆರೆ 15 ಸೆಕೆಂಡು. ನಾನು 12 ದಾಟಿದರೆ ವ್ಯಾಯಾಮ ಶುರು ಮಾಡಿಸುತ್ತೇನೆ, 15 ದಾಟಿದರೆ ವೈದ್ಯರ ಹತ್ತಿರ ಕಳಿಸುತ್ತೇನೆ. ಇದು ನನ್ನ ರೂಢಿ, ಎಲ್ಲಿಯೂ ಬರೆದ ನಿಯಮ ಅಲ್ಲ.

ವ್ಯಾಟಿಗೆ ಅದೇ ಸ್ಪೇನಿನ ತಂಡ ಕೊಟ್ಟ ಗೆರೆ: ಹೆಂಗಸರಿಗೆ ಕಿಲೋಗೆ 2.1, ಗಂಡಸರಿಗೆ 2.6. ಅದಕ್ಕಿಂತ ಕೆಳಗಿನವರಲ್ಲಿ ಓಡಾಟದ ತೊಂದರೆ ಹೆಚ್ಚು ಕಂಡಿತ್ತು. ಅಲ್ಲಿನ ಜನರ ಮೈಕಟ್ಟಿಗೆ ಹೊಂದಿದ ಗೆರೆ ಅದು, ನಮಗೆ ಕೈಮರದಂತೆ ದಾರಿ ತೋರಿಸಿದರೆ ಸಾಕು. ಮೇಲಿನ ಅತ್ತೆ 2.02ರಲ್ಲಿದ್ದಾರೆ, 13 ಸೆಕೆಂಡಿಗೆ ಬಂದರೆ 2.17 ಆಗಿ ಗೆರೆ ದಾಟುತ್ತಾರೆ. ಪೆರ್ಲದ ಅಜ್ಜ 1.62 ಮೀಟರ್, ಸೀಟು 0.44, 17 ಸೆಕೆಂಡು. ಲೆಕ್ಕ 1.92. ಅವರು 2.6 ಮುಟ್ಟಲು ಹನ್ನೆರಡೂವರೆ ಸೆಕೆಂಡಿಗೆ ಇಳಿಯಬೇಕು.

ಅಂಕಿಗಿಂತ ಹೆಚ್ಚು ಕೆಲವೊಮ್ಮೆ ಕಣ್ಣೇ ಹೇಳುತ್ತದೆ. ಮೊದಲ ಎರಡು ಸಲ ಚುರುಕು, ಆಮೇಲೆ ಕುಸಿತ ಎಂದರೆ ದಣಿವು. ರಕ್ತಹೀನತೆಯನ್ನೋ ಹೃದಯವನ್ನೋ ನೋಡಿಸಬೇಕು. ಎಲ್ಲ ಭಾರ ಒಂದೇ ಕಾಲಿಗೆ ಹೋಗುತ್ತಿದ್ದರೆ ಇನ್ನೊಂದರಲ್ಲಿ ನೋವೋ ಸೋಲೋ ಇದೆ. ಶುರು ಮಾಡುವುದೇ ತಡ, ಹೆಜ್ಜೆಯೂ ಸಣ್ಣ, ಕೈ ನಡುಕ ಎಂದರೆ ಪಾರ್ಕಿನ್ಸನ್ ಕಾಯಿಲೆಯ ಸಂಶಯ ಇರಲಿ. ಗಂಟುನೋವಿನವರು ನಿಧಾನ ಏಳುವುದು ಸ್ನಾಯು ಸೋತದ್ದರಿಂದಲೇ ಆಗಿರಬೇಕಾಗಿಲ್ಲ, ನೋವೇ ತಡೆಯುತ್ತಿರಬಹುದು; "ನೋವಿತ್ತಾ?" ಎಂದು ಕೇಳಿ ಉತ್ತರವನ್ನೂ ಬರೆದಿಡಿ. ಟೇಪು ಕೈಯಲ್ಲಿರುವಾಗಲೇ ಮೀನಖಂಡದ ದಪ್ಪ ಜಾಗದ ಸುತ್ತಳತೆ ತೆಗೆಯಿರಿ. ಗಂಡಸರಿಗೆ 34, ಹೆಂಗಸರಿಗೆ 33 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಸ್ನಾಯು ಕರಗಿರುವ ಸೂಚನೆ ಎಂದು ಅದೇ ಏಷ್ಯಾದ ಮಾರ್ಗಸೂಚಿ ಹೇಳುತ್ತದೆ. ಕಾಲಿಗೆ ನೀರು ತುಂಬಿ ಊದಿದ್ದರೆ ಈ ಅಳತೆಯಿಂದ ಪ್ರಯೋಜನ ಇಲ್ಲ.

ಮೂವತ್ತು ಸೆಕೆಂಡಿನ ಪರೀಕ್ಷೆ

ಐದು ಸಲ ಮುಗಿಸಲಾಗದವರಿಗೂ, ಐದು ಸಲ ಆಟದಂತೆ ಮುಗಿಸುವವರಿಗೂ ಇದು ಸರಿ. ಅದೇ ಕುರ್ಚಿ, ಅದೇ ಕೈಕಟ್ಟು. 30 ಸೆಕೆಂಡಿನಲ್ಲಿ ಎಷ್ಟು ಸಲ ಎದ್ದರು ಎಂದು ಎಣಿಸಿ. ಸಮಯ ಮುಗಿದಾಗ ಅರ್ಧಕ್ಕಿಂತ ಹೆಚ್ಚು ಎದ್ದಿದ್ದರೆ ಅದೂ ಒಂದು. ಕೈ ಊರಿದರೆ ಸೊನ್ನೆ. ಅಮೆರಿಕದ ಸರಕಾರಿ ಆರೋಗ್ಯ ಸಂಸ್ಥೆ ಸಿಡಿಸಿ ಬಳಸುವ ಪಟ್ಟಿಯಲ್ಲಿ 70ರಿಂದ 74ರ ಗಂಡಸರು 12ಕ್ಕಿಂತ, ಹೆಂಗಸರು 10ಕ್ಕಿಂತ ಕಡಿಮೆ ಮಾಡಿದರೆ ಬೀಳುವ ಅಪಾಯ ಇದೆ ಎಂದು ಲೆಕ್ಕ. 80ರಿಂದ 84ಕ್ಕೆ ಆ ಅಂಕಿ ಕ್ರಮವಾಗಿ 10 ಮತ್ತು 9. ಇದರಿಂದಲೂ ವ್ಯಾಟ್ ತೆಗೆಯಬಹುದು: 0.589 × (ಎತ್ತರದ ಅರ್ಧ − ಸೀಟಿನ ಎತ್ತರ) × ಎಣಿಕೆ, ಉತ್ತರ ಕಿಲೋಗೆ. ಆದರೆ ಮೂವತ್ತು ಸೆಕೆಂಡಿನಲ್ಲಿ ದಣಿವೂ ಸೇರಿಕೊಳ್ಳುತ್ತದೆ. ಪವರ್ ಬೇಕೆಂದರೆ ನನ್ನ ಆಯ್ಕೆ ಐದು ಸಲದ್ದೇ.

ಮೆಟ್ಟಿಲು, ಧೈರ್ಯ ಇದ್ದವರಿಗೆ ಮಾತ್ರ

ಕುರ್ಚಿಯಲ್ಲಿ 12 ಸೆಕೆಂಡಿನ ಒಳಗೆ ಮುಗಿಸಿದವರಿಗೆ ಕುರ್ಚಿ ಸುಲಭವಾಗಿಬಿಡುತ್ತದೆ. ಅವರಿಗೆ ಮನೆಯೊಳಗಿನ, ಕೈಹಿಡಿ ಇರುವ ಮೆಟ್ಟಿಲು ಸಾಕು. ತೋಟಕ್ಕೆ ಇಳಿಯುವ ಮುರಕಲ್ಲಿನ ಮೆಟ್ಟಿಲು ಬೇಡವೇ ಬೇಡ. ಅವು ಒಂದರಂತೆ ಒಂದಿಲ್ಲ, ಮಳೆ ಸುರಿಯುವ ಆಟಿ ತಿಂಗಳಲ್ಲಿ ಪಾಚಿ ಬೇರೆ. ಒಂದು ಮೆಟ್ಟಿಲಿನ ಎತ್ತರವನ್ನು ಎಣಿಕೆಯಿಂದ ಗುಣಿಸಿ. ಒಂಬತ್ತು ಮೆಟ್ಟಿಲು, ತಲಾ 16 ಸೆಂ.ಮೀ. ಎಂದರೆ 1.44 ಮೀಟರ್. ಕೈಹಿಡಿಗೆ ಕೈ ತಾಗಿಸಿಕೊಂಡು, ಎಳೆಯದೆ, ಬೇಗ ಹತ್ತಲಿ. ನೀವು ಒಂದು ಮೆಟ್ಟಿಲು ಕೆಳಗೆ ಹಿಂದೆಯೇ ಇರಿ, ವಾಚ್ ಇನ್ನೊಬ್ಬರ ಕೈಗೆ ಕೊಡಿ. ಎರಡೂ ಪಾದ ಮೇಲಿನ ಮೆಟ್ಟಿಲಿಗೆ ಬಂದಾಗ ನಿಲ್ಲಿಸಿ. 9.81 × 1.44 ÷ 6.5 ಸೆಕೆಂಡು = ಕಿಲೋಗೆ 2.17 ವ್ಯಾಟ್. ಇದನ್ನು ಕುರ್ಚಿಯ 2.1, 2.6ರ ಗೆರೆಗೆ ಹೋಲಿಸಬಾರದು. ಅದೇ ಮೆಟ್ಟಿಲಿನ ಹಿಂದಿನ ಅಂಕಿಗೆ ಮಾತ್ರ ಹೋಲಿಸಿ.

ಪ್ರಯೋಗಾಲಯದಲ್ಲಿ ನೆಲದ ಮೇಲಿನ ಬಲ ಅಳೆಯುವ ಹಲಗೆ, ಕೂತು ಒಂದು ಕಾಲಿನಿಂದ ಪೆಡಲು ಒದೆಯುವ ನಾಟಿಂಗ್‌ಹ್ಯಾಮ್ ಯಂತ್ರ ಇತ್ಯಾದಿ ಇವೆ. ಕೊನೆಯದು 1990ರಿಂದ ಬಳಕೆಯಲ್ಲಿದೆ, ಕಾಲುಗಳನ್ನು ಬೇರೆ ಬೇರೆಯಾಗಿ ಅಳೆಯುವುದೇ ಅದರ ಹೆಚ್ಚುಗಾರಿಕೆ. ಮನೆಯ ಕೆಲಸಕ್ಕೆ ಅವು ಬೇಕಾಗುವುದಿಲ್ಲ.

ಅಳೆದ ಮೇಲೆ

ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ದಿನಾಂಕ, ಯಾವ ಕುರ್ಚಿ, ಸೀಟಿನ ಎತ್ತರ, ಸೆಕೆಂಡು, ವ್ಯಾಟ್, ನೋವು, ಕೈ ಊರಿದರೋ ಇಲ್ಲವೋ, ಹೊಸ ಮಾತ್ರೆ ಶುರುವಾಗಿದೆಯೋ ಎಂದು ಬರೆದಿಡಿ. ಆ ಕುರ್ಚಿಯ ಕಾಲಿಗೆ ಬಣ್ಣದ ಗುರುತು ಹಾಕಿ, ಮುಂದಿನ ಸಲವೂ ಅದೇ ಬೇಕು. ಅರ್ಧ, ಮುಕ್ಕಾಲು ಸೆಕೆಂಡಿನ ವ್ಯತ್ಯಾಸವನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಅದು ನಮ್ಮ ಬೆರಳಿನ ತಪ್ಪೂ ಆಗಬಹುದು. ವ್ಯಾಯಾಮ ಮಾಡುತ್ತಿರುವವರಿಗೆ ಎರಡು ಮೂರು ತಿಂಗಳಿಗೊಮ್ಮೆ. ಉಳಿದವರಿಗೆ ನಾನು ಹೇಳುವುದು ಪತ್ತನಾಜೆಗೊಮ್ಮೆ (ಮಳೆಗಾಲದ ಮುಂಚೆ, ಮೇ ಕೊನೆಗೆ ಬರುವ ತುಳುವರ ಆಚರಣೆಯ ದಿನ), ದೀಪಾವಳಿಗೊಮ್ಮೆ. ಮಳೆಗಾಲವಿಡೀ ಒಳಗೆ ಕೂತದ್ದರ ಲೆಕ್ಕ ದೀಪಾವಳಿಯ ಅಳತೆಯಲ್ಲಿ ಸಿಗುತ್ತದೆ.

ಪವರ್ ಕಡಿಮೆ ಇದ್ದರೆ ಮದ್ದು ಆ ಕುರ್ಚಿಯಲ್ಲೇ ಇದೆ: ಏಳುವುದು ಚುರುಕಾಗಿ, ಕೂರುವುದು ಮೂರು ಎಣಿಸುತ್ತ ನಿಧಾನ. ಆರೆಂಟು ಸಲದ ಎರಡು ಸುತ್ತು, ವಾರಕ್ಕೆ ಎರಡು ಮೂರು ದಿನ. ಊಟದಲ್ಲಿ ಹೆಸರು, ಹುರುಳಿ, ಮೊಸರು, ತಿನ್ನುವವರಿಗೆ ಮೀನು ಮೊಟ್ಟೆ. ಮೂತ್ರಪಿಂಡದ ತೊಂದರೆ ಇದ್ದವರು ಮಾತ್ರ ಕೇಳದೆ ಹೆಚ್ಚಿಸಬಾರದು. ಆರು ತಿಂಗಳಲ್ಲಿ ಒಮ್ಮೆಗಿಂತ ಹೆಚ್ಚು ಬಿದ್ದವರು, ಕೈ ಇಲ್ಲದೆ ಒಂದು ಸಲವೂ ಏಳಲಾಗದವರು ನೋಟ್‌ಬುಕ್ ಹಿಡಿದುಕೊಂಡೇ ಕುಟುಂಬ ಆರೋಗ್ಯ ಕೇಂದ್ರಕ್ಕೆ ಹೋಗಲಿ. "ಕಾಲಲ್ಲಿ ಶಕ್ತಿ ಇಲ್ಲ ಡಾಕ್ಟ್ರೇ" ಎಂಬ ಮಾತಿಗಿಂತ, ಪತ್ತನಾಜೆಗೆ 13, ದೀಪಾವಳಿಗೆ 18 ಎಂಬ ಎರಡು ಅಂಕಿಗೆ ಡಾಕ್ಟರು ಬೇಗ ತಲೆ ಎತ್ತಿ ನೋಡುತ್ತಾರೆ.

ಪೆರ್ಲದ ಅಜ್ಜನ ನೋಟ್‌ಬುಕ್ಕಿನಲ್ಲಿ ಈಗ ಮೂರು ಸಾಲು: 17.0, 15.2, 13.9. ಕೊನೆಯದರ ಎದುರು ಸೊಸೆಯ ಅಕ್ಷರದಲ್ಲಿ ಹೀಗಿದೆ: "ನಾಲ್ಕನೇ ಸಲ ಎಡಗೈ ಮಂಡಿಗೆ ಊರಿತು, ಇನ್ನೊಮ್ಮೆ ಮಾಡಿಸಬೇಕು. ಮಾವ ಒಪ್ಪುವುದಿಲ್ಲ."